ಅಭ್ಯಾಸಕ್ಕೂ ಹೇಳದ ವಾಕ್ಯ

"ನನ್ನ ಅಜ್ಜಿ ದಿನಾ ಬೆಳಿಗ್ಗೆ ಮರ ಹತ್ತುತ್ತಾಳೆ" ಎಂದ ರಾಯಭಾರಿ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

"ಅಜ್ಜೀನ ತೆಗೀರಿ, ಮಂತ್ರೀನ ಹಾಕಿ" ಎಂದಳು ಟೀಚರ್.

"ನಮ್ಮ ಮಂತ್ರಿಗಳು ದಿನಾ ಬೆಳಿಗ್ಗೆ ಮರ ಹತ್ತುತ್ತಾರೆ."

"ಮರ ತೆಗೀರಿ. ಗೋಡೆ."

"ನಮ್ಮ ಮಂತ್ರಿಗಳು ದಿನಾ ಬೆಳಿಗ್ಗೆ ಗೋಡೆ ಹತ್ತುತ್ತಾರೆ. ಟೀಚರ್, ಈ ಮಾತು ಈ ಕೋಣೆಯಿಂದ ಆಚೆ ಹೋದರೆ ನನ್ನ ಕೆಲಸ ಹೋಯ್ತು."

ಕಿಟಕಿಯ ಪಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದ ಅವನ ಕಾರ್ಯದರ್ಶಿ ತಲೆ ಎತ್ತದೆಯೇ ನಕ್ಕಳು. ಟೀಚರ್‌ಗೂ ನಗು ಬಂತು. ಇದು ಅವಳ ಬದಲಿ ಆಟ. ಒಂದು ವಾಕ್ಯ ಕೊಡುವುದು, ಅದರಿಂದ ಒಂದು ಪದ ಕಿತ್ತು ಅಲ್ಲಿ ಇನ್ನೊಂದನ್ನು ಕೂರಿಸುವುದು. ಅರ್ಥ ಎಲ್ಲಿಗಾದರೂ ಹಾಳಾಗಿ ಹೋಗಲಿ, ನಾಲಿಗೆ ಮಾತ್ರ ಎಡವಬಾರದು. ಬಂದರಿನ ಊರು ಅದು. ಹತ್ತು ಕಡೆಯಿಂದ ಬಂದ, ಹತ್ತು ಮನೆಮಾತಿನ ಮಕ್ಕಳಿಗೆ ಹೈಸ್ಕೂಲಿನಲ್ಲಿ ಊರಿನ ಭಾಷೆ ಕಲಿಸಿ ಕಲಿಸಿಯೇ ಅವಳ ತಲೆ ನರೆತದ್ದು. ಆಟದ ಕಟ್ಟುಪಾಡೂ ಹೆಚ್ಚೇನಿಲ್ಲ. ಕೊಟ್ಟ ವಾಕ್ಯವನ್ನು ಒಲ್ಲೆ ಅನ್ನುವಂತಿಲ್ಲ, ಹೇಳುವವರೆಗೂ ಟೀಚರ್ ಕಾಯುತ್ತಾಳೆ. ಗಂಟೆ ಹೊಡೆದರೂ ಸರಿ, ಮುಂದಿನ ತರಗತಿಯವರು ಬಾಗಿಲಲ್ಲಿ ಬಂದು ನಿಂತರೂ ಸರಿ, ಅವಳು ಕೈಕಟ್ಟಿ ಕೂತುಬಿಡುತ್ತಿದ್ದಳು. ಅವಳು ಕಾಯುವುದಕ್ಕೆ ಹೆದರಿಯೇ ಅರ್ಧ ಊರು ಸರಿಯಾಗಿ ಮಾತಾಡಲು ಕಲಿಯಿತು ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ತಮಾಷೆ ಮಾಡುತ್ತಿದ್ದರು.

ಆದರೆ ಇಂಥ ವಿದ್ಯಾರ್ಥಿ ಅವಳಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಇವನಿಗಿಂತ ಮೊದಲಿದ್ದ ರಾಯಭಾರಿ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ, ಪಕ್ಕದಲ್ಲೊಬ್ಬ ದುಭಾಷಿ ಅದನ್ನು ಅಗಿದು ಅಗಿದು ಊರಿನವರಿಗೆ ಉಣಿಸುತ್ತಿದ್ದ. ದೊಡ್ಡ ದೇಶದವನು, ನಮ್ಮ ನದೀಮುಖದ ಮೇಲೆ ಕಣ್ಣಿಟ್ಟವನು ಎಂದು ಜನ ಅವನಿಗೆ ಕಪ್ಪು ಬಟ್ಟೆ ತೋರಿಸಿ ಕಳಿಸಿದ್ದರು. ಇವನು ಬಂದವನೇ ಮಾಡಿದ ಮೊದಲ ಕೆಲಸ ಟೀಚರನ್ನು ಹುಡುಕಿಸಿದ್ದು. ನಿಲ್ದಾಣ ಎಲ್ಲಿ, ಬೆಲೆ ಎಷ್ಟು ಎಂದೆಲ್ಲ ಅವನು ಕಲಿಯಲು ಹೋಗಲೇ ಇಲ್ಲ. ಪರಿಚಯವಿಲ್ಲದ, ತನಗಿಂತ ದೊಡ್ಡ ಹೆಂಗಸನ್ನು ಏನೆಂದು ಕರೆಯಬೇಕು ಎಂದು ಕೇಳಿದ. ಅಕ್ಕ ಅನ್ನಿ ಎಂದಳು. ಇನ್ನೂ ದೊಡ್ಡವರಾದರೆ? ಅಮ್ಮ. ಸಾವಿನ ಮನೆಗೆ ಹೋದರೆ ಮೊದಲು ಯಾರ ಹತ್ತಿರ ಮಾತಾಡಬೇಕು, ಎಷ್ಟು ಮೆಲ್ಲಗೆ? ಮಗಳು ಪಾಸಾದಳು ಎಂದು ಹಿಗ್ಗುತ್ತಿರುವ ಅಪ್ಪನಿಗೆ ಏನು ಹೇಳಿದರೆ ಇನ್ನಷ್ಟು ಹಿಗ್ಗುತ್ತಾನೆ? ಅವಳು ಒಂದೊಂದನ್ನೂ ಬಿಡಿಸಿ ಹೇಳಿದಳು. ಒಂದಕ್ಷರ ಬರೆದುಕೊಳ್ಳದೆ ಅವನು ಅಷ್ಟನ್ನೂ ನುಂಗಿಕೊಂಡ.

ಆಮೇಲಿನದನ್ನು ಇಡೀ ದೇಶವೇ ಟೀವಿಯಲ್ಲಿ ನೋಡಿತು. ಮೀನು ಮಾರುಕಟ್ಟೆಯಲ್ಲಿ ಅವನು ಒಬ್ಬ ಹೆಂಗಸಿನ ಮುಂದೆ ಬಗ್ಗಿ, "ಅಕ್ಕಾ, ಸ್ವಲ್ಪ ಸರಿದು ಕೂತ್ಕೊಳ್ಳಿ, ನಿಮ್ಮ ತಮ್ಮನಿಗೂ ಒಂಚೂರು ಜಾಗ ಬೇಕು" ಎಂದು ಮೀನಿನ ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟ. ಕಪ್ಪು ಬಟ್ಟೆಗಳು ಮಡಿಸಿಕೊಂಡು ಪೆಟ್ಟಿಗೆ ಸೇರಿದವು. ಅವನು ಹೋದಲ್ಲೆಲ್ಲ ಟೀಚರನ್ನೂ ಕರೆದೊಯ್ಯುತ್ತಿದ್ದ. ಭಾಷಣ ಮುಗಿದ ಮೇಲೆ, ಇವರು ನನ್ನ ಗುರುಗಳು, ಇವರು ಹೇಳಿದ್ದನ್ನು ಹೇಳುವುದಷ್ಟೇ ನನ್ನ ಕೆಲಸ ಎಂದು ಅವಳನ್ನು ವೇದಿಕೆಗೆ ಹತ್ತಿಸುತ್ತಿದ್ದ. ಅವಳು ನಾಲಿಗೆ ಹೊರಳದಂಥ ಒಂದು ವಾಕ್ಯ ಕೊಡುವುದು, ಅವನು ಅದನ್ನು ತಪ್ಪಿಲ್ಲದೆ ಒಪ್ಪಿಸುವುದು, ಜನ ಚಪ್ಪಾಳೆ ತಟ್ಟುವುದು. ಸುಳ್ಳೇಕೆ, ಅವಳಿಗೂ ಅದು ಹಿತವಾಗಿತ್ತು. ಸ್ಕೂಲಿನಿಂದ ನಿವೃತ್ತಳಾದ ಮೇಲೆ ಯಾರೂ ಎದ್ದು ಕುರ್ಚಿ ಬಿಟ್ಟುಕೊಟ್ಟದ್ದಿರಲಿಲ್ಲ. ಈಗ ಔಷಧಿ ಅಂಗಡಿಯವನೂ ಬಿಟ್ಟುಕೊಡುತ್ತಿದ್ದ.

ಅಂದಿನ ಪಾಠದಲ್ಲಿ ಬದಲಿ ಆಟ ಮುಗಿದು ಭಾಷಣದ ಅಭ್ಯಾಸ ಶುರುವಾಯಿತು. ನದೀಮುಖದಲ್ಲಿ ಅವನ ದೇಶ ಕಟ್ಟಲಿರುವ ಹೊಸ ಬಂದರಿಗೆ ಇನ್ನು ಒಪ್ಪಬೇಕಾದದ್ದು ದೋಣಿ ಅಂಗಳದ ಓಣಿ ಒಂದೇ. ಆ ವಾರದ ಕೊನೆಗೆ ಅಲ್ಲಿ ಸಭೆ. ಜನ ಕೈ ಎತ್ತಿದರೆ ಕೆಲಸ ಮುಗಿಯಿತು. ದೋಣಿ ದುರಸ್ತಿಯ ಆ ಅಂಗಳ ನಡೆಸುತ್ತಿದ್ದವನು ಟೀಚರ್‌ನ ಸ್ವಂತ ತಮ್ಮ.

"ನಿಮ್ಮ ಅಂಗಳದ ಒಂದು ಹಲಗೆಯನ್ನೂ ಯಾರೂ ಮುಟ್ಟುವುದಿಲ್ಲ" ಎಂದ ರಾಯಭಾರಿ.

ಒಂದು ಹಲಗೆ ಅನ್ನುವಲ್ಲಿ ನಿಧಾನಿಸಿ, ಅಲ್ಲೇ ಜನರ ಮುಖ ನೋಡಿ ಎಂದು ಅವಳು ತಿದ್ದಿದಳು. ಅವನು ನಿಧಾನಿಸಿದ. ಕೇಳಿದರೆ ಎದೆ ತಂಪಾಗುವಂತಿತ್ತು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಹಳೆಯ ಅಭ್ಯಾಸಬಲದಿಂದ ಆಟ ಮುಂದುವರಿಸಿಯೇಬಿಟ್ಟಳು.

"ಹಲಗೆ ತೆಗೀರಿ, ನೀರಿನ ದಾರಿ ಹಾಕಿ."

"ನಿಮ್ಮ ಅಂಗಳದ..." ಎಂದು ಅವನು ನಿಂತ.

ಕಾರ್ಯದರ್ಶಿಯ ಬೆರಳುಗಳೂ ಕೀಲಿಮಣೆಯ ಮೇಲೆ ನಿಂತವು. ಟೀಚರ್ ಕಾದಳು. ಪದ ಮರೆತಿರಬೇಕು ಎಂದುಕೊಂಡು, "ನೀರಿನ ದಾರಿಯನ್ನೂ" ಎಂದು ಎತ್ತಿಕೊಟ್ಟಳು.

"ಇದು ಬೇಡ ಟೀಚರ್. ಬೇರೆ ಕೊಡಿ."

"ಯಾಕೆ, ಕಷ್ಟವಾ?"

"ಕಷ್ಟ ಏನಿಲ್ಲ."

"ಮತ್ತೆ? ಆಟ ಅಲ್ವಾ ಇದು?"

"ಅಭ್ಯಾಸಕ್ಕೂ ಬೇಡ" ಎಂದ ಅವನು, ಬೇಸರವಿಲ್ಲದ ದನಿಯಲ್ಲಿ. "ನಮ್ಮ ಕಸುಬಲ್ಲಿ ಬಾಯಿಂದ ಹೊರಬಿದ್ದ ವಾಕ್ಯಕ್ಕೆ ಆಟದ್ದು, ನಿಜದ್ದು ಅಂತ ಬೇರೆ ಬೇರೆ ಇರಲ್ಲ. ಅದಿರಲಿ, ನಿಮ್ಮ ಮೊಣಕಾಲು ಹೇಗಿದೆ? ಹೊಸ ಮಾತ್ರೆ ಹಿಡಿಸಿತಾ?"

ಮಂತ್ರಿಯನ್ನು ಗೋಡೆ ಹತ್ತಿಸಿದ ಮನುಷ್ಯ ಇವನು. ಒಮ್ಮೆ ತಾನು ಕತ್ತೆ ಎಂದು ಏಳು ಬಗೆಯಲ್ಲಿ ಹೇಳಿದ್ದ. ಅವಳು ಮಾತ್ರೆಯ ಬಗ್ಗೆ ಏನೋ ಒಂದು ಉತ್ತರ ಕೊಟ್ಟು ಚಹಾ ಕುಡಿದಳು. ಅದು ಆಗಲೇ ಆರಿಹೋಗಿತ್ತು.

ಅಲ್ಲಿಂದ ಅವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಅಂಗಳಕ್ಕೆ ಹೋದಳು. ತಮ್ಮ ಅದರ ಮೇಸ್ತ್ರಿ; ಕೆಲಸ ಇಡೀ ಓಣಿಯದ್ದು. ಪೆಟ್ಟು ತಿಂದ ದೋಣಿಗಳು ಉಬ್ಬರದಲ್ಲಿ ನೀರು ಏರಿದಾಗ ಇಳಿಜಾರಿನ ಬುಡಕ್ಕೆ ಬಂದು ನಿಲ್ಲುತ್ತಿದ್ದವು. ಮರದ ಉರುಳೆಗಳ ಮೇಲೆ ಅವನ್ನು ಮೇಲಕ್ಕೆ ಎಳೆದು, ಮುರಿದ ಮರದ ಪಕ್ಕೆಲುಬು ಬದಲಿಸಿ, ಸಂದಿಗಳಿಗೆ ಹತ್ತಿಯ ಹುರಿ ತುಂಬಿ, ಡಾಂಬರು ಬಳಿದು, ನೀರು ಮತ್ತೆ ಏರುವ ಹೊತ್ತಿಗೆ ಕೆಳಕ್ಕೆ ಬಿಡುತ್ತಿದ್ದರು. ಬೇರೆ ಯಂತ್ರ ಇರಲಿಲ್ಲ. ನೀರು ಬರುವುದು, ಹೋಗುವುದು, ಅದರ ಮೇಲೆಯೇ ಅಷ್ಟೂ ಮನೆಗಳ ಒಲೆ ಉರಿಯುತ್ತಿತ್ತು.

ಅಂದು ಮೀನಿನ ದೋಣಿಯೊಂದು ಮಗ್ಗುಲಾಗಿ ಮಲಗಿತ್ತು. ಅದರ ಹೊಟ್ಟೆಯ ಕೆಳಗೆ ಕೂತು ಸಂದಿಯಜ್ಜಿ ಉಳಿ, ಕೊಡತಿ ಹಿಡಿದು ಹುರಿ ತುಂಬುತ್ತಿದ್ದಳು. ಅವಳ ನಿಜವಾದ ಹೆಸರು ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ, ಅವಳಿಗಾದರೂ ನೆನಪಿತ್ತೋ ಇಲ್ಲವೋ. ಶೆಡ್ಡಿನ ಗೋಡೆಗೆ ಹೊಸ ಬಂದರಿನ ಬಣ್ಣದ ಚಿತ್ರ ಅಂಟಿಸಿದ್ದರು. ಟೀಚರ್ ಅದನ್ನು ಹತ್ತು ಸಲ ನೋಡಿದ್ದಳು, ಆದರೆ ಓದಿರಲಿಲ್ಲ. ಈಗ ಕನ್ನಡಕ ಏರಿಸಿಕೊಂಡು ಹತ್ತಿರ ಹೋದಳು.

"ನಮ್ಮ ಅಂಗಳ ಎಲ್ಲಿದೆಯೋ ಇದರಲ್ಲಿ?"

"ಇದೋ, ಇಲ್ಲಿ. ಹಾಗೇ ಇದೆ ನೋಡು, ಶೆಡ್ಡು ಕೂಡ ಬರೆದಿದ್ದಾರೆ" ಎಂದ ತಮ್ಮ, ಹೆಮ್ಮೆಯಿಂದ.

"ನೀರೆಲ್ಲಿ?"

"ಇಲ್ಲಿ ನೀಲಿ ಇದೆಯಲ್ಲ."

ಅಂಗಳಕ್ಕೂ ನೀಲಿಗೂ ನಡುವೆ ಬೆರಳಿನಷ್ಟಗಲದ ಹಸಿರು ಪಟ್ಟಿಯೊಂದಿತ್ತು. ಅದರ ಮೇಲೆ ಸಾಲು ಮರ, ಬೆಂಚು, ಬಲೂನು ಹಿಡಿದ ಮಗು, ಮಗುವಿನ ಹಿಂದೆ ನಗುವ ತಾಯಿ. ಇದೇನು ಎಂದು ಕೇಳಿದಳು. ಜನ ಗಾಳಿ ತಿನ್ನಲು ಓಡಾಡುವ ದಾರಿ ಎಂದ. ಅದರ ಕೆಳಗೆ ನೀರು ಹೇಗೆ ಬರುತ್ತೆ ಎಂದಳು. ಅವನು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ.

"ಕಾಲುವೆ ಬಿಟ್ಟೇ ಬಿಡ್ತಾರೆ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅದನ್ನೂ ಹೇಳ್ಬೇಕಾ? ಅಷ್ಟು ಚೆನ್ನಾಗಿ ಮಾತಾಡೋ ಮನುಷ್ಯ, ಬಿಡದೆ ಇರ್ತಾರಾ ಅಕ್ಕ?"

ಅವಳು ಪಾಠದ ಹೊತ್ತಿನಲ್ಲಿ ಆದದ್ದನ್ನು ಹೇಳಿದಳು. ತಮ್ಮ ಮೊದಲು ನಕ್ಕ, ಆಮೇಲೆ ಅವನಿಗೆ ರೇಗಿತು. ಆಟದಲ್ಲಿ ಒಂದು ವಾಕ್ಯ ಹೇಳಲಿಲ್ಲವೆಂದು ಒಬ್ಬ ಮನುಷ್ಯನ ಮೇಲೆ ಸಂಶಯಪಡುವುದೇ? ಅಂಗಳ ನೋಡಲು ಬಂದಾಗ ರಾಯಭಾರಿ ಕೊಡತಿ ಕೇಳಿ ಪಡೆದು ಬೀಸಿ, ತನ್ನ ಹೆಬ್ಬೆರಳಿಗೇ ಕುಟ್ಟಿಕೊಂಡು, ಓಣಿಯವರು ಬೈಯುವ ಹಾಗೆಯೇ ಅಚ್ಚುಕಟ್ಟಾಗಿ ಬೈದಿದ್ದ. ಅಂದಿನಿಂದ ಓಣಿ ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿತ್ತು. ಆ ಬೈಗುಳವನ್ನೂ ಕಲಿಸಿದ್ದು ಟೀಚರೇ. ಹಟ ಹಿಡಿದು ಹೇಳಿಸಿಕೊಂಡಿದ್ದ, ಅವಳು ನಾಚುತ್ತ ಹೇಳಿಕೊಟ್ಟಿದ್ದಳು.

"ನೀನೇ ತಾನೇ ಅಂದಿದ್ದು, ಅವರು ಸುಳ್ಳು ಹೇಳೋ ಜನ ಅಲ್ಲ ಅಂತ?" ಎಂದ ತಮ್ಮ. "ನಿನ್ನ ಮಾತು ನಂಬಿ ನಾನು ಓಣಿಯವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ."

"ಈಗಲೂ ಹೇಳ್ತೀನಿ, ಸುಳ್ಳು ಹೇಳೋ ಜನ ಅಲ್ಲ. ಅದಕ್ಕೇ ನನಗೆ ಭಯ ಆಗ್ತಿರೋದು."

ದೋಣಿಯ ಕೆಳಗೆ ಕೊಡತಿಯ ಸದ್ದು ನಿಂತಿತು. "ನಮಗ್ಯಾಕೆ ಹೇಳ್ತೀಯಮ್ಮ?" ಎಂದು ಸಂದಿಯಜ್ಜಿ ಅಲ್ಲಿಂದಲೇ ಕೇಳಿದಳು. "ನೀನು ಹೇಳಿದ್ರೆ ಇವರ್ಯಾರೂ ನಂಬಲ್ಲ. ಅವನ ಬಾಯಿಂದಲೇ ಕೇಳಿಸು."

ತಮ್ಮ ಗದರಿದ. ಮನೆಗೆ ಬಂದ ಅತಿಥಿಯ ಮಾನ ಕಳೆಯುವ ಕೆಲಸ ಮಾಡಿದರೆ ಓಣಿಯಲ್ಲಿ ತಾನು ತಲೆ ಎತ್ತುವ ಹಾಗಿಲ್ಲ, ಅಕ್ಕನಿಗೂ ಇರುವ ಒಂದು ಗೌರವ ಹೋಗುತ್ತದೆ ಎಂದ. ಅವಳು ವಾದ ಮಾಡಲಿಲ್ಲ. ಮನೆಗೆ ನಡೆಯುವಾಗ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ರಾಯಭಾರಿಯ ಮೇಲಲ್ಲ, ಅಥವಾ ಅವನ ಮೇಲಷ್ಟೇ ಅಲ್ಲ. ಅವನು ಅಕ್ಕಾ ಎಂದು ಎಳೆಯುವ ಆ ರಾಗ ಅವಳದು. ಸಾವಿನ ಮನೆಯಲ್ಲಿ ತಗ್ಗುವ ದನಿ, ಹಲಗೆಯ ಹತ್ತಿರ ನಿಧಾನಿಸುವ ಆ ಉಸಿರು, ಎಲ್ಲವೂ ಅವಳ ಬಾಯಿಂದ ಹೋದದ್ದು. ಅವಳ ಅಮ್ಮ ಅವಳನ್ನು ಓಲೈಸುತ್ತಿದ್ದ ಮಾತುಗಳಿಂದಲೇ ಈಗ ಅವಳ ತಮ್ಮನನ್ನು ಓಲೈಸಲಾಗಿತ್ತು.

ಸಭೆಯನ್ನು ದೋಣಿ ಅಂಗಳದ ಶೆಡ್ಡಿನಲ್ಲೇ ಇಡಬೇಕು ಎಂದು ಸೂಚಿಸಿದವನು ರಾಯಭಾರಿಯೇ. ಸರ್ಕಾರಿ ಕಟ್ಟಡಕ್ಕೆ ಜನರನ್ನು ಕರೆಸುವುದಲ್ಲ, ನಾವು ಅವರ ಅಂಗಳಕ್ಕೆ ಹೋಗೋಣ ಎಂದನಂತೆ. ಓಣಿಗೆ ಓಣಿಯೇ ಕರಗಿಹೋಯಿತು. ಉಳಿ, ಗರಗಸಗಳನ್ನು ಸರಿಸಿ ಕುರ್ಚಿ ಹಾಕಿದ್ದರು, ಹಲಗೆ ಜೋಡಿಸಿ ನೀರಿನ ಕಡೆಗೆ ಬೆನ್ನು ಮಾಡಿ ಒಂದು ವೇದಿಕೆ ಕಟ್ಟಿದ್ದರು. ವೇದಿಕೆಯ ಹಿಂದೆ ಶೆಡ್ಡಿಗೆ ಗೋಡೆಯಿರಲಿಲ್ಲ. ಇಳಿಜಾರು, ಅದರಾಚೆ ನದಿ ಕಾಣುತ್ತಿತ್ತು.

ಸಭೆಗೆ ಮುಂಚೆ ಸಾಮಾನಿನ ಕೋಣೆಯಲ್ಲಿ ಕಾರ್ಯದರ್ಶಿ ಟೀಚರ್‌ಗೆ ಅಂದು ವೇದಿಕೆಯಲ್ಲಿ ಕೊಡಬೇಕಾದ ವಾಕ್ಯ ತಿಳಿಸಿದಳು. ನದಿಗೆ ಎರಡು ದಡ, ನಮ್ಮ ಸ್ನೇಹಕ್ಕೆ ಒಂದೇ. ಕಿವಿಗೆ ಇಂಪಾದ, ಹಿಡಿದರೆ ಕೈಗೆ ಏನೂ ಹತ್ತದ ವಾಕ್ಯ. ಹಿಂದೆಲ್ಲ ವಾಕ್ಯ ಆರಿಸುವುದನ್ನು ಟೀಚರ್‌ಗೇ ಬಿಡುತ್ತಿದ್ದರು. ಅವಳು ಡಾಂಬರಿನ ಡಬ್ಬಗಳ ನಡುವೆ ನಿಂತು ಟೈ ಸರಿಮಾಡಿಕೊಳ್ಳುತ್ತಿದ್ದ ರಾಯಭಾರಿಯ ಹತ್ತಿರ ಹೋಗಿ, ಅಂಗಳಕ್ಕೆ ನೀರು ಬರುತ್ತದೆಯೋ ಇಲ್ಲವೋ ಎಂದು ನೇರವಾಗಿಯೇ ಕೇಳಿದಳು.

"ಟೀಚರ್, ನಿಮ್ಮ ತಮ್ಮನ ಅಂಗಳ ಅಂದರೆ ನನ್ನ ತಮ್ಮನ ಅಂಗಳ ಇದ್ದ ಹಾಗೆ. ನನಗೆ ಅದರ ಮೇಲೆ ಎಷ್ಟು ಪ್ರೀತಿ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದೆ ಏನೇ ಆಗೋದಿದ್ದರೂ ನಿಮ್ಮೆಲ್ಲರ ಜೊತೆ ಕೂತು ಮಾತಾಡಿಯೇ ಆಗೋದು."

ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು. ಅವಳು ಅದನ್ನು ಟೀಚರಾಗಿಯೇ ಕೇಳಿಸಿಕೊಂಡಳು. ಒಂದು ತಪ್ಪಿಲ್ಲ, ಒಂದು ತೊಡಕಿಲ್ಲ, ಪೂರ್ತಿ ಅಂಕ ಕೊಡಬಹುದು. ನೀರು ಮಾತ್ರ ಅದರಲ್ಲಿ ಒಂದು ಹನಿಯೂ ಇರಲಿಲ್ಲ.

"ನಾನು ಕೇಳಿದ್ದು ನೀರಿನ ಬಗ್ಗೆ."

ಅವನು ಟೈ ಬಿಟ್ಟು ಅವಳ ಮುಖ ನೋಡಿದ. ದನಿ ತಗ್ಗಿಸಿದ. "ನಾನು ನಿಮಗೆ ಯಾವತ್ತಾದರೂ ಸುಳ್ಳು ಹೇಳಿದ್ದೀನಾ?"

"ಇಲ್ಲ."

"ಇವತ್ತೂ ಹೇಳಿಸಬೇಡಿ."

ಅಷ್ಟು ಹೊತ್ತು ಅವಳ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಉಳಿದಿತ್ತು. ತನ್ನದೇ ತಪ್ಪು ತಿಳುವಳಿಕೆಯಾಗಿರಲಿ, ತಮ್ಮ ತನ್ನನ್ನು ನೋಡಿ ನಗಲಿ ಎಂದು. ಅದು ಅಲ್ಲಿಗೆ ಮುಗಿಯಿತು. ಮುಗಿದದ್ದೇ ಒಳ್ಳೆಯದಾಯಿತು.

ರಾಯಭಾರಿ ಅಂದು ಮಾತಾಡಿದಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸಂದಿಯಜ್ಜಿಯನ್ನು ಅಮ್ಮ ಎಂದು ಕರೆದು, ನಿಮ್ಮ ಕೈ ತಾಗಿದ ದೋಣಿ ಮುಳುಗಿದ್ದನ್ನು ಯಾರಾದರೂ ನೋಡಿದ್ದಾರೆಯೇ ಎಂದ. ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿ, ಇದು ಇನ್ನೂ ನಿಮ್ಮ ಕೊಡತಿಯನ್ನು ಕ್ಷಮಿಸಿಲ್ಲ ಎಂದಾಗ ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ನಗು ಇಳಿಯುವವರೆಗೂ ಕಾದು, "ನಿಮ್ಮ ಅಂಗಳದ ಒಂದು... ಹಲಗೆಯನ್ನೂ ಯಾರೂ ಮುಟ್ಟುವುದಿಲ್ಲ" ಎಂದ. ಹೇಳಿಕೊಟ್ಟ ಜಾಗದಲ್ಲೇ ನಿಧಾನಿಸಿದ, ಹೇಳಿಕೊಟ್ಟ ಹಾಗೆಯೇ ಮುಖಗಳನ್ನು ನೋಡಿದ. ಶೆಡ್ಡಿನ ತಗಡು ಅದುರುವ ಹಾಗೆ ಚಪ್ಪಾಳೆ ಬಿತ್ತು. ತಮ್ಮನ ಕಣ್ಣು ಒದ್ದೆಯಾದದ್ದನ್ನು ಟೀಚರ್ ನೋಡಿದಳು.

ಇನ್ನು ಕೈ ಎತ್ತಿಸುವುದಷ್ಟೇ ಬಾಕಿ. ಅದಕ್ಕೆ ಮುಂಚೆ ರಾಯಭಾರಿ ತನ್ನ ಗುರುಗಳನ್ನು ಕರೆದ. ಅವಳು ಮೊಣಕಾಲಿನ ಮೇಲೆ ಕೈಯೂರಿ ವೇದಿಕೆ ಹತ್ತಿದಳು, ಮೈಕು ಹಿಡಿದುಕೊಂಡಳು.

"ಇವತ್ತಿನ ಪಾಠ ಏನು ಟೀಚರ್?" ಎಂದು ಅವನು ಹುಡುಗನ ಹಾಗೆ ಕೈಕಟ್ಟಿ ನಿಂತ. ಜನ ಆಗಲೇ ನಗಲು ಶುರುಮಾಡಿದ್ದರು.

"ಇವತ್ತು ಸುಲಭದ್ದು" ಎಂದಳು. "ನಿಮ್ಮ ಅಂಗಳಕ್ಕೆ ನೀರು ಬರುವ ದಾರಿಯನ್ನು ನಾವು ಮುಚ್ಚುವುದಿಲ್ಲ. ಹೇಳಿ."

ರೂಢಿಯಂತೆ ಎದ್ದ ನಗು ಅರ್ಧಕ್ಕೇ ನಿಂತಿತು. ಅವನ ಮುಖದ ಮೇಲಿನ ನಗೆ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಅವಳು ಎರಡನೆಯ ಸಲ ಹೇಳಿದಳು. ತೊದಲುವ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ.

"ಈ ಪಾಠ ನನಗಿನ್ನೂ ಬಂದಿಲ್ಲ ಟೀಚರ್" ಎಂದ ಅವನು, ತಲೆ ಕೆರೆದುಕೊಂಡು. "ಏನು ಮಾಡೋದು, ನಿಮ್ಮ ವಿದ್ಯಾರ್ಥಿ ಸ್ವಲ್ಪ ದಡ್ಡ."

ಹೋ ಎಂದು ನಗು ಎದ್ದಿತು. ಉಸಿರು ಬಿಗಿಹಿಡಿದು ಕೂತವರಿಗೆ ಬಿಡಲು ಒಂದು ನೆಪ ಸಿಕ್ಕಂತಾಯಿತು. ಅವಳಿಗೂ ಒಂದು ಕ್ಷಣ ನಕ್ಕುಬಿಡೋಣ ಅನ್ನಿಸಿತು. ನಕ್ಕಿದ್ದರೆ ಎಲ್ಲವೂ ಅಲ್ಲಿಗೆ ಚೆಂದವಾಗಿ ಮುಗಿಯುತ್ತಿತ್ತು. ಅವನು ಅವಳ ಕೈಹಿಡಿದು ಇಳಿಸುತ್ತಿದ್ದ, ಓಣಿ ಕೈ ಎತ್ತುತ್ತಿತ್ತು, ಔಷಧಿ ಅಂಗಡಿಯ ಕುರ್ಚಿ ಅವಳಿಗೇ ಉಳಿಯುತ್ತಿತ್ತು.

"ನೀವು ದಡ್ಡರಲ್ಲ" ಎಂದಳು. "ನನ್ನ ಹತ್ತಿರ ಕಲಿತವರಲ್ಲಿ ನಿಮ್ಮಷ್ಟು ಚುರುಕು ಯಾರೂ ಇಲ್ಲ. ಹಲಗೆಯ ಮಾತು ಬಂತಲ್ಲ? ಹಲಗೆ ಇದ್ದ ಕಡೆ ನೀರು ಹಾಕಿ, ಅಷ್ಟೇ."

ವೇದಿಕೆಯ ತುದಿಯಲ್ಲಿದ್ದ ಬಂದರು ಅಧಿಕಾರಿ ಎದ್ದು ಬಂದು, ಇದು ತಾಂತ್ರಿಕ ವಿಷಯ, ಇಂಜಿನಿಯರುಗಳು ಮುಂದೆ ತಿಳಿಸುತ್ತಾರೆ ಎನ್ನುತ್ತ ಮೈಕಿಗೆ ಕೈಚಾಚಿದ. ಅವಳು ಮೈಕು ಬಿಡಲಿಲ್ಲ. "ತರಗತಿ ನಡೀತಿದೆ. ಕೂತ್ಕೋ" ಎಂದಳು, ತಿರುಗಿಯೂ ನೋಡದೆ. ಅವನೂ ಒಂದು ಕಾಲದಲ್ಲಿ ಅವಳ ಮೂರನೆಯ ಬೆಂಚಿನಲ್ಲಿ ಕೂತವನೇ. ಪಾಪ, ಯೋಚಿಸುವ ಮೊದಲೇ ಕೂತುಬಿಟ್ಟ.

ಈ ಸಲ ಯಾರೂ ನಗಲಿಲ್ಲ. ಸಂದಿಯಜ್ಜಿ ಕುರ್ಚಿಯ ಬೆನ್ನು ಹಿಡಿದು ಎದ್ದಳು. ಡಾಂಬರು ಕಚ್ಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಪಾಠ ಒಪ್ಪಿಸುವವಳಂತೆ ಗಟ್ಟಿಯಾಗಿ, "ನಿಮ್ಮ ಅಂಗಳಕ್ಕೆ ನೀರು ಬರುವ ದಾರಿಯನ್ನು ನಾವು ಮುಚ್ಚುವುದಿಲ್ಲ" ಎಂದಳು. ಆಮೇಲೆ ರಾಯಭಾರಿಯ ಕಡೆ ನೋಡಿ, "ನನಗೆ ಹಲ್ಲೇ ಇಲ್ಲ ಮಗಾ, ನನ್ನ ಬಾಯಿಗೇ ಬಂತು. ಅಮ್ಮ ಅಂತ ಕರೆದಿದ್ದೀಯ. ನೀನೂ ಹೇಳು" ಎಂದಳು.

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಆಗ ಎದ್ದವನು ತಮ್ಮ. ಅವನು ಅಕ್ಕನನ್ನು ನೋಡಲಿಲ್ಲ. ಎರಡೂ ಕೈಯಲ್ಲಿ ಟೋಪಿಯನ್ನು ಹಿಂಡುತ್ತ ರಾಯಭಾರಿಯನ್ನೇ ನೋಡಿದ.

"ಒಂದು ಸಲ ಹೇಳಿಬಿಡಿ ಸಾರ್. ನಾವು ಕೈ ಎತ್ತಿಬಿಡ್ತೀವಿ. ಬೇರೇನೂ ಕೇಳಲ್ಲ."

ಅಷ್ಟು ನಂಬಿಕೆ ಇನ್ನೂ ಆ ದನಿಯಲ್ಲಿತ್ತು. ರಾಯಭಾರಿ ಬಾಯಿ ತೆರೆದ, ಟೀಚರ್‌ಗೆ ಅವನ ಹಲ್ಲಿನ ಹಿಂದೆ ನಾಲಿಗೆ ಏಳುವುದೂ ಕಾಣಿಸಿತು. ಆದರೆ ಅವನು ತಿರುಗಿ ಕೆಳಗಿದ್ದ ಕಾರ್ಯದರ್ಶಿಗೆ ಏನೋ ಹೇಳಿದ, ತನ್ನ ಭಾಷೆಯಲ್ಲಿ. ಮೈಕು ಹತ್ತಿರವೇ ಇದ್ದುದರಿಂದ ಅದು ಶೆಡ್ಡಿನ ತುಂಬ ಕೇಳಿಸಿತು. ಆ ಓಣಿಯವರು ಅವನ ಭಾಷೆಯನ್ನು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಚುಟುಕಾದ, ತಣ್ಣನೆಯ ನಾಲ್ಕು ಮಾತು. ಅರ್ಥವಾಗದಿದ್ದರೂ, ತಮ್ಮ ಅಂಗಳಕ್ಕೆ ಬಂದು ಇವನ್ಯಾರು ಮಾತಾಡುತ್ತಿದ್ದಾನೆ ಎಂಬಂತೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ರಾಯಭಾರಿಗಳಿಗೆ ಇನ್ನೊಂದು ಕಾರ್ಯಕ್ರಮವಿದೆ, ಆದ್ದರಿಂದ ಒಪ್ಪಿಗೆಯ ಕೆಲಸವನ್ನು ಈಗಲೇ ಮುಗಿಸೋಣ ಎಂದಳು ಕಾರ್ಯದರ್ಶಿ. ಒಪ್ಪುವವರು ಕೈ ಎತ್ತಬೇಕು ಎಂದ ಅಧಿಕಾರಿ, ಕೂತಲ್ಲಿಂದಲೇ. ಒಂದು ಕೈಯೂ ಮೇಲೇಳಲಿಲ್ಲ. ತಮ್ಮನ ಕೈ ಟೋಪಿಯನ್ನು ಬಿಟ್ಟಿರಲಿಲ್ಲ. ಅವನು ಹಾಗೆಯೇ ನಿಂತಿದ್ದವನು ನಿಧಾನವಾಗಿ ಕೂತ. ಕೂತ ಮೇಲೆ ಅಕ್ಕನ ಕಡೆ ನೋಡಿದ.

"ಟೀಚರ್" ಎಂದ ರಾಯಭಾರಿ, ಮೈಕಿಗೆ ಸಿಗದಷ್ಟು ಮೆಲ್ಲಗೆ, ಮತ್ತೆ ಅವಳ ಭಾಷೆಯಲ್ಲಿ. "ಸಾಕು ಮಾಡಿ. ನಿಮಗೂ ಒಳ್ಳೆಯದಲ್ಲ."

ಆ ವಾಕ್ಯವನ್ನು ಅವಳು ಅವನಿಗೆ ಕಲಿಸಿರಲಿಲ್ಲ. ತಾನಾಗಿಯೇ ಕಟ್ಟಿದ್ದ, ಸರಿಯಾಗಿಯೇ ಕಟ್ಟಿದ್ದ. ಅವಳು ಮೈಕನ್ನು ಅವನ ಮುಂದಿದ್ದ ಮೇಜಿನ ಮೇಲಿಟ್ಟಳು. ಅಧಿಕಾರಿಯ ಪಕ್ಕದಲ್ಲಿದ್ದ ಖಾಲಿ ಕುರ್ಚಿಯನ್ನು ಎಳೆದು ವೇದಿಕೆಯ ನಡುವೆ ತಂದು, ನೋಯುವ ಕಾಲನ್ನು ಮುಂದೆ ಚಾಚಿ ಕೂತಳು.

"ನಿಮಗೆ ಗೊತ್ತಲ್ಲ" ಎಂದಳು. "ಹೇಳೋವರೆಗೂ ಕಾಯ್ತೀನಿ."

ಹೊರಗೆ ಅವನ ಕಾರಿನ ಇಂಜಿನ್ ಶುರುವಾದದ್ದು ಕೇಳಿಸಿತು. ಕಾರ್ಯದರ್ಶಿ ಬಾಗಿಲ ಹತ್ತಿರ ಹೋಗಿ ನಿಂತಳು. ಶೆಡ್ಡಿನಲ್ಲಿ ಯಾರೂ ಏಳಲಿಲ್ಲ. ಸಂದಿಯಜ್ಜಿ ಕೈಕಟ್ಟಿಕೊಂಡಳು, ಅವಳ ಹಿಂದಿನ ಸಾಲಿನವರೂ ಕಟ್ಟಿಕೊಂಡರು. ರಾಯಭಾರಿ ಮೈಕನ್ನು ನೋಡುತ್ತ ನಿಂತೇ ಇದ್ದ. ಅವನ ಬೆನ್ನ ಹಿಂದೆ ನೀರು ತನ್ನ ಹೊತ್ತಿಗೆ ಸರಿಯಾಗಿ ಬಂದು ಇಳಿಜಾರಿನ ಬುಡ ಮುಟ್ಟಿತು, ಕೆಳಗಿನ ಉರುಳೆಯೊಂದನ್ನು ಮೆಲ್ಲಗೆ ಎತ್ತಿತು.